ದೂರಿನ ಹೊತ್ತು

ಅತ್ತೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರಕ್ಕೆ ಹೋಗಿತ್ತು. ಅದಾದ ಮೇಲೆ ಅವರು ಮದುವೆಯಾದದ್ದು, ಇಬ್ಬರು ಮಕ್ಕಳನ್ನು ಹೆತ್ತದ್ದು, ಗಂಡ ತೀರಿಕೊಂಡ ಮೇಲೆ ಲಾಂಡ್ರಿ ಅಂಗಡಿಯನ್ನು ಒಂಟಿ ಎತ್ತಿನಂತೆ ಎಳೆದದ್ದು, ಎಲ್ಲವೂ ಬಲಗಣ್ಣೊಂದನ್ನೇ ನಂಬಿಕೊಂಡು. ಗಿರಾಕಿ ತಂದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇದು ಚಹಾ, ಇದು ತುಕ್ಕು, ನೀವು ಹೇಳಿದ ಹಾಗೆ ಇದು ಶಾಯಿ ಅಲ್ಲ ಸ್ವಾಮಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಈಗ ಆ ಕಣ್ಣಿಗೂ ಪೊರೆ ಬಂದಿತ್ತು. ಬಿಳಿ ಅಂಗಿಯನ್ನು ಹಳದಿ ಅಂಗಿಗಳ ಗಂಟಿಗೆ ಸೇರಿಸಿದ ದಿನ ಅತ್ತೆ ಆಪರೇಷನ್ನಿಗೆ ಒಪ್ಪಿಕೊಂಡರು.

“ಇವತ್ತಿನ ಕಾಲದಲ್ಲಿ ಪೊರೆ ತೆಗೆಯೋದು ಅಂದ್ರೆ ಉಗುರು ಕತ್ತರಿಸಿದ ಹಾಗೆ ಅಮ್ಮ,” ಎಂದ ಮಗ.

“ಉಗುರು ಮತ್ತೆ ಬೆಳೆಯುತ್ತಪ್ಪ,” ಎಂದರು ಅತ್ತೆ.

ಸೊಸೆ ಆ ಮಾತಿಗೆ ನಕ್ಕಿದ್ದಳು. ಅಂಗಡಿಯ ಕೌಂಟರು, ಮಹಡಿಯ ಮೇಲಿನ ಅಡುಗೆಮನೆ, ಎರಡರ ನಡುವಿನ ಕಡಿದಾದ ಮೆಟ್ಟಿಲು, ಇಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಆಸ್ಪತ್ರೆಗೆ ಅತ್ತೆಯ ಜೊತೆ ಹೋದವಳೂ ಅವಳೇ. ಆಪರೇಷನ್ ಮುಗಿದು ಕಣ್ಣಿಗೆ ಪಟ್ಟಿ ಕಟ್ಟಿದಾಗ ಅತ್ತೆಗೆ ಪೂರ್ತಿ ಕತ್ತಲೆ. ಮನೆಗೆ ಬರುವ ತನಕ ಸೊಸೆಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಬಳೆಯ ಅಚ್ಚು ಮಾರನೆಯ ದಿನವೂ ಇತ್ತು.

ಹೊರಡುವ ಮುಂಚೆ ನರ್ಸು ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. “ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನ್ಸುತ್ತೆ. ನೀರು ಸೋರುತ್ತೆ. ಬೆಳಕು ಚುಚ್ಚುತ್ತೆ. ಕೆಲವು ದಿನ ಮಂಜು ಮಂಜಾಗೇ ಕಾಣುತ್ತೆ. ಇವೆಲ್ಲ ಆಗೋದೇ, ಹೆದರಬೇಡಿ. ಉಜ್ಜಬಾರದು, ಬಗ್ಗಬಾರದು, ಭಾರ ಎತ್ತಬಾರದು, ನೀರು ಬೀಳಬಾರದು. ಆದ್ರೆ ನೋವು ದಿನದಿಂದ ದಿನಕ್ಕೆ ಜಾಸ್ತಿ ಆದ್ರೆ, ಕಣ್ಣು ಕೆಂಪೇರಿದ್ರೆ, ಕಾಣ್ತಿದ್ದದ್ದು ಕಾಣದೇ ಹೋದ್ರೆ, ಒಂದು ಗಂಟೆನೂ ಕಾಯಬೇಡಿ.”

ಮಾರನೆಯ ದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಪಿಳುಕಿಸಿ ಮೊದಲು ಸೊಸೆಯನ್ನೇ ನೋಡಿದರು. “ನಿನ್ನ ತಲೆಕೂದಲು ಇಷ್ಟು ಬೆಳ್ಳಗಾಗಿದ್ಯೇನೇ? ಹೇಳಲೇ ಇಲ್ಲ?” ಎಂದರು. ಡಾಕ್ಟರೂ ನಕ್ಕರು. ಆ ದಿನ ಮನೆಯಲ್ಲಿ ಎಲ್ಲರಿಗೂ ಎರಡೆರಡು ಸಲ ಚಹಾ ಆಯಿತು.

ಆಮೇಲೆ ಶುರುವಾಯಿತು ಪ್ರಶ್ನೆಗಳ ಕಾಟ.

“ಮರಳು ಬಿದ್ದ ಹಾಗಿದೆ ಕಣೇ.”

“ಆಗೋದೇ ಅತ್ತೆ. ನರ್ಸ್ ಹೇಳಿದಾರೆ.”

“ನೀರು ಸುರೀತಿದೆ.”

“ಅದೂ ಆಗೋದೇ.”

“ದೀಪದ ಸುತ್ತ ಬಳೆ ಬಳೆಯಾಗಿ ಕಾಣ್ತಿದೆ. ಇದು?”

“ಇದೂ ಆಗೋದೇ.”

ಅತ್ತೆ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಕೂಗುವುದು, ಸೊಸೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಬಿಟ್ಟು ಮೇಲಕ್ಕೆ ಓಡುವುದು, ಆಗೋದೇ ಎಂದು ಹೇಳಿ ಇಳಿಯುವುದು. ಒಂದೇ ಕಣ್ಣಿನವರಿಗೆ ಭಯ ಎರಡರಷ್ಟು ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಮೊಣಕಾಲು ನೋಯುತ್ತದಲ್ಲ. ಮಗ ಅಮ್ಮನಿಗೆ ರೇಡಿಯೋ ಎಂದು ಹೆಸರಿಟ್ಟ. “ರೇಡಿಯೋ ಇವತ್ತು ಬೆಳಗಿನ ವಾರ್ತೆ ಓದಿತಾ?” ಎಂದು ಗಾಡಿ ಹತ್ತುವ ಮುಂಚೆ ಕೇಳುತ್ತಿದ್ದ. ಅವನು ಹೋಟೆಲುಗಳಿಂದ ಹಾಸಿಗೆ ಬಟ್ಟೆ ತಂದು, ತೊಳೆದದ್ದನ್ನು ತಲುಪಿಸಿ ಬರುವವನು. ಇಡೀ ದಿನ ಊರೆಲ್ಲ ಸುತ್ತಿ ಬರುವವನಿಗೆ ನಗುವುದು ಸುಲಭವಾಗಿತ್ತು.

ಆ ವಾರವೇ ಒಂದು ದಿನ ಸೊಸೆ ಮೇಲೆ ಹೋಗಿ ಬರುವಷ್ಟರಲ್ಲಿ ಗಿರಾಕಿಯೊಬ್ಬರ ಬಿಳಿಯ ಸಮವಸ್ತ್ರದ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಕೂತು ಕಂದು ಬಣ್ಣದ ಗುರುತು ಬಿಟ್ಟಿತ್ತು. ಸುಟ್ಟ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ಅವಳ ತಾಳ್ಮೆ ಹರಿದುಹೋಯಿತು. ಮತ್ತೆ ಮೆಟ್ಟಿಲು ಹತ್ತಿದಳು.

“ಅತ್ತೆ, ಕೆಳಗೆ ಗೋಡೆ ಮೇಲೆ ಒಂದು ಬೋರ್ಡಿದೆ. ಯಾರು ಬರೆಸಿದ್ದು?”

“ನಾನೇ. ಯಾಕೆ?”

“ಏನು ಬರೆಸಿದೀರಿ?”

ಅತ್ತೆಗೆ ಅರ್ಥವಾಯಿತು. ಅರ್ಥವಾದರೂ ಹೇಳಿದರು. “ದೂರು ಇದ್ದವರು ಬೆಳಗ್ಗೆ ಅಂಗಡಿ ತೆಗೆದಾಗ, ಇಲ್ಲಾ ಸಂಜೆ ಮುಚ್ಚೋ ಮುಂಚೆ ಹೇಳತಕ್ಕದ್ದು. ನಡುವೆ ಕೇಳಲಾಗುವುದಿಲ್ಲ.”

ಅದಕ್ಕೊಂದು ಕಥೆಯಿತ್ತು. ಹಿಂದೊಮ್ಮೆ ಗಿರಾಕಿಯೊಬ್ಬನ ಗುಂಡಿಯ ಜಗಳ ಕೇಳುತ್ತ ಅತ್ತೆ ಇನ್ನೊಬ್ಬನ ಕೋಟಿನ ತೋಳು ಸುಟ್ಟಿದ್ದರು. ಅಂದಿನಿಂದ ಅಂಗಡಿಯಲ್ಲಿ ಆ ಬೋರ್ಡು. ಊರ ದೊಡ್ಡ ಮನುಷ್ಯರು ಬಂದರೂ ಅತ್ತೆ ಬೆರಳು ತೋರಿಸುತ್ತಿದ್ದದ್ದು ಅದರ ಕಡೆಗೇ.

“ನಿಮ್ಮ ಕಣ್ಣಿನ ದೂರಿಗೂ ಅದೇ ನಿಯಮ ಅತ್ತೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಕೂತ್ಕೊಂಡು ಪೂರ್ತಿ ಕೇಳ್ತೀನಿ. ನಡುವೆ ನನ್ನ ಕರೀಬೇಡಿ. ನಂಗೆ ಆಗ್ತಿಲ್ಲ.”

“ಅಜ್ಜಿ ಏನು ಬಟ್ಟೆ ಗಂಟಾ?” ಎಂದಳು ಮೊಮ್ಮಗಳು, ಪುಸ್ತಕದಿಂದ ತಲೆಯೆತ್ತಿ. ಅವಳು ಕಾಲೇಜಿಗೆ ಹೋಗುವವಳು. ನ್ಯಾಯ ಹೇಳುವುದಕ್ಕೆ ಅವಳಿಗೆ ಹೊತ್ತುಗೊತ್ತು ಇರಲಿಲ್ಲ.

“ನೀನು ಮೆಟ್ಟಿಲು ಹತ್ತಿ ಇಳಿ. ಆಮೇಲೆ ಮಾತಾಡು.”

“ಬಿಡೇ ಮಗು,” ಎಂದರು ಅತ್ತೆ. “ನಿಯಮ ಅಂದ್ಮೇಲೆ ನಿಯಮ. ನಾನೇ ಮಾಡಿದ್ದು ತಾನೆ.” ಅಂದಿನಿಂದ ಡಾಕ್ಟರು ಕೊಟ್ಟ ಕಣ್ಣಿನ ಹನಿಯನ್ನೂ ತಾವೇ ಹಾಕಿಕೊಳ್ಳುವುದಾಗಿ ಹೇಳಿದರು. ಸೊಸೆ ಬೇಡವೆನ್ನಲಿಲ್ಲ. ದಿನಕ್ಕೆ ಆರು ಸಲ ಹತ್ತಿ ಇಳಿಯುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಗುರವಾದಳು.

ಎರಡು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಬೆಳಗ್ಗೆ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಚೇರಿಯ ಗುಮಾಸ್ತರಂತೆ ವರದಿ ಒಪ್ಪಿಸುತ್ತಿದ್ದರು. ತುರಿಕೆ ಸ್ವಲ್ಪ, ನೀರು ನಿನ್ನೆಗಿಂತ ಕಡಿಮೆ, ಮಂಜು ಹಾಗೇ ಇದೆ. ಸೊಸೆ ತಲೆದೂಗುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ಹೋಟೆಲಿನ ಗಂಟುಗಳು ಒಟ್ಟಿಗೆ ಬಂದು ಬಿದ್ದವು. ಕೆಳಗೆ ಮಗ ಗಾಡಿಯ ಹಾರನ್ ಒತ್ತುತ್ತಲೇ ಇದ್ದ.

“ಅತ್ತೆ, ಬೇಗ ಹೇಳಿ. ಏನಾದ್ರೂ ಇದೆಯಾ?”

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಕಡೆ ಮುಖಮಾಡಿ ಕೂತಿದ್ದರು. ಬಾಯಿ ತೆರೆದರು. ಕೆಳಗೆ ಮತ್ತೆ ಹಾರನ್ ಆಯಿತು.

“ಏನಿಲ್ಲ. ಹೋಗು,” ಎಂದರು.

ಸಂಜೆಯೂ ಏನಿಲ್ಲ. ಮಾರನೆಯ ಬೆಳಗ್ಗೆಯೂ ಏನಿಲ್ಲ. ತಟ್ಟೆಯಲ್ಲಿ ಅರ್ಧ ಅನ್ನ ಉಳಿಯಿತು, ಜೀರ್ಣವಾಗುತ್ತಿಲ್ಲ ಎಂದರು. ಮನೆ ತಣ್ಣಗಿತ್ತು. “ರೇಡಿಯೋ ರಿಪೇರಿ ಆಯ್ತು ನೋಡು,” ಎಂದು ಮಗ ಖುಷಿಪಟ್ಟ. ನಾದಿನಿ ಫೋನು ಮಾಡಿದಳು. ಅವಳು ಬೇರೆ ಊರಿನಲ್ಲಿ ಶಾಲೆಯ ಟೀಚರು. ದೂರದಿಂದಲೇ ಎಲ್ಲರನ್ನೂ ತಿದ್ದುವವಳು.

“ಅಮ್ಮ ನನ್ನ ಹತ್ರ ಎರಡೇ ಮಾತಾಡಿದ್ಳು ಅತ್ತಿಗೆ. ಏನಾಗಿದೆ ಅವಳಿಗೆ?”

“ಏನೂ ಆಗಿಲ್ಲ. ಆರಾಮಾಗಿದಾರೆ.”

“ಅಮ್ಮ ಆರಾಮಾಗಿದ್ರೆ ಬಯ್ತಾಳೆ.”

ಸೊಸೆಗೆ ಆ ಮಾತು ಮನಸ್ಸಿನಲ್ಲಿ ಎಲ್ಲೋ ಚುಚ್ಚಿತು. ಆದರೆ ಒಗೆಯುವ ಯಂತ್ರ ನಿಂತು ಕೂಗತೊಡಗಿತ್ತು. ಫೋನಿಟ್ಟು ಅತ್ತ ಹೋದಳು.

ಮರುದಿನ ಮಧ್ಯಾಹ್ನ ರಜೆಯೆಂದು ಮೊಮ್ಮಗಳೂ ಮನೆಯಲ್ಲಿದ್ದಳು. ಮೂವರೂ ಊಟಕ್ಕೆ ಕೂತರು. ಕಿಟಕಿಯಿಂದ ಬಿಸಿಲು ನೇರವಾಗಿ ಮೇಜಿನ ಮೇಲೆ ಬಿದ್ದು ಸ್ಟೀಲಿನ ಲೋಟಗಳು ಹೊಳೆಯುತ್ತಿದ್ದವು. ಕೆಳಗೆ ಒಗೆಯುವ ಯಂತ್ರ ಗರಗರನೆ ತಿರುಗುತ್ತಿತ್ತು. ಅತ್ತೆ ಅನ್ನದಲ್ಲಿ ಬೆರಳಾಡಿಸುತ್ತ, ಎಂದಿನ ದನಿಯಲ್ಲೇ ಕೇಳಿದರು.

“ಕರೆಂಟ್ ಯಾವಾಗ ಬರುತ್ತಂತೆ?”

“ಕರೆಂಟ್ ಹೋಗೇ ಇಲ್ವಲ್ಲ ಅಜ್ಜಿ,” ಎಂದಳು ಮೊಮ್ಮಗಳು. ಹೇಳಿದ ಮೇಲೆ ಅವಳ ಮುಖ ಬಿಳಿಚಿಕೊಂಡಿತು.

ಸೊಸೆ ತಟ್ಟೆ ಸರಿಸಿದಳು. ಎದ್ದು ಹೋಗಿ, ಎಂಜಲು ಕೈಯಲ್ಲಿ ಮುಟ್ಟಬಾರದೆಂಬ ಎಚ್ಚರವೊಂದು ಹೇಗೋ ಉಳಿದು, ಎಡಗೈಯಿಂದ ಅತ್ತೆಯ ಕನ್ನಡಕ ತೆಗೆದಳು. ರೆಪ್ಪೆ ಊದಿಕೊಂಡಿತ್ತು. ಕಣ್ಣಿನಲ್ಲಿ ಬಿಳಿ ಎಂಬುದೇ ಇರಲಿಲ್ಲ, ಎಲ್ಲ ರಕ್ತದ ಬಣ್ಣ. ಪಾಪೆಯ ಕೆಳಗೆ, ಲೋಟದ ತಳದಲ್ಲಿ ಹಾಲು ಉಳಿದಂತೆ, ಬೆಳ್ಳಗೆ ಏನೋ ನಿಂತಿತ್ತು.

“ಅತ್ತೆ, ನೋವಿದೆಯಾ?”

“ಇನ್ನೂ ಸಂಜೆ ಆಗಿಲ್ವಲ್ಲ,” ಎಂದರು ಅತ್ತೆ. “ಸಂಜೆ ಹೇಳೋಣ ಅಂತಿದ್ದೆ.”

ಹಂಗಿಸುವ ದನಿಯಾಗಿರಲಿಲ್ಲ ಅದು. ಹಂಗಿಸಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ನಿಜವಾಗಿಯೂ ಸಂಜೆಗೆ ಕಾಯುತ್ತಿದ್ದ ಹೆಂಗಸಿನ ದನಿ ಅದು.

ಟ್ಯಾಕ್ಸಿಯಲ್ಲಿ ಅತ್ತೆಯ ತಲೆ ಅವಳ ಭುಜದ ಮೇಲಿತ್ತು. ಪ್ರತಿ ಗುಂಡಿಗೂ ಅತ್ತೆ ಹಲ್ಲು ಕಚ್ಚುತ್ತಿದ್ದರು, ಸದ್ದು ಮಾಡುತ್ತಿರಲಿಲ್ಲ. “ಕೂಗಿ ಅತ್ತೆ, ನೋವಾದ್ರೆ ಕೂಗಿ,” ಎಂದಳು ಸೊಸೆ. ಅತ್ತೆ ಕೂಗಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಇಳಿದು ಎತ್ತಿಕೊಂಡೇ ಓಡಲೇ ಎನ್ನಿಸುತ್ತಿತ್ತು ಅವಳಿಗೆ.

ಡಾಕ್ಟರು ನೋಡಿದ್ದೇ ನಗು ಮರೆತರು. ಸುತ್ತಲಿದ್ದವರಿಗೆ ಏನೇನೋ ಗಡಿಬಿಡಿಯಲ್ಲಿ ಹೇಳಿ ಅತ್ತೆಯ ಕಡೆ ತಿರುಗಿದರು.

“ನೋವು ಯಾವಾಗಿಂದ ಅಜ್ಜಿ?”

“ಇವತ್ತು ಬೆಳಗ್ಗೆಯಿಂದ.”

“ಸರಿಯಾಗಿ ಹೇಳಿ. ಕಣ್ಣೊಳಗೆ ಸೋಂಕಾಗಿದೆ. ಎಷ್ಟು ಹೊತ್ತಾಯ್ತು ಅನ್ನೋದು ನನಗೆ ಗೊತ್ತಾಗಬೇಕು.”

“ಬೆಳಗ್ಗೆಯಿಂದ್ಲೇ. ಮನೇಲಿ ಚೆನ್ನಾಗಿ ನೋಡ್ಕೊಂಡಿದಾರೆ.”

ಮನೆಯ ಮಾನ ಕಾಯುತ್ತಿದ್ದರು ಅತ್ತೆ. ಕಣ್ಣು ಹೋದರೂ ಸರಿ, ಸೊಸೆಯ ಮೇಲೆ ಮಾತು ಬರಬಾರದು. ಸೊಸೆಗೆ ಒಪ್ಪಿಕೊಂಡು ಸುಮ್ಮನಿದ್ದುಬಿಡುವುದು ಎಷ್ಟು ಸುಲಭವಿತ್ತು.

“ಇವತ್ತಲ್ಲ ಡಾಕ್ಟ್ರೇ. ಊಟ ಅರ್ಧಕ್ಕೇ ಬಿಡ್ತಾ ಮೂರು ದಿನ ಆಯ್ತು. ಆವತ್ತಿಂದ್ಲೇ ಇರ್ಬೇಕು.”

“ಮೂರು ದಿನ? ನೀವು ಕಣ್ಣು ನೋಡ್ಲಿಲ್ವಾ?”

“ನೋಡ್ಲಿಲ್ಲ.”

“ಅವಳನ್ನ ಕೇಳ್ಬೇಡಿ,” ಎಂದರು ಅತ್ತೆ. “ನಾನೇ ಹೇಳ್ಲಿಲ್ಲ.”

ಅಂದೇ ಕಣ್ಣೊಳಗೆ ಇಂಜೆಕ್ಷನ್ ಕೊಟ್ಟರು. ಯಾಕೆ ಹೀಗಾಯಿತೆಂದು ಕೇಳಿದ್ದಕ್ಕೆ, ಅಪರೂಪಕ್ಕೆ ಆಗುತ್ತದೆ, ಕಾರಣ ಇಂಥದ್ದೇ ಅಂತ ಹೇಳೋಕಾಗಲ್ಲ, ಕಣ್ಣು ಉಳಿಯುತ್ತಾ ಅಂತಲೂ ಈಗ ಹೇಳಲಾರೆ ಎಂದರು ಡಾಕ್ಟರು. ಮಗ ಹಬೆಯ ವಾಸನೆಯ ಅಂಗಿಯಲ್ಲೇ ಓಡಿಬಂದ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ಪಿಸುದನಿಯಲ್ಲಿ ಕಿತ್ತಾಡಿದರು.

“ಬೋರ್ಡು ತೋರಿಸಿದ್ದು ನೀನೇ ತಾನೆ?”

“ರೇಡಿಯೋ ಅಂದದ್ದು ಯಾರು? ಹಾರನ್ ಒತ್ತಿದ್ದು ಯಾರು?”

“ಒತ್ತದೆ ಇನ್ನೇನು? ಹೋಟೆಲಿನವ್ರು ಕಾಯ್ತಾರಾ?”

“ಅವ್ರು ಕಾಯಲ್ಲ. ಅಮ್ಮ ಕಾದ್ರು ನೋಡಿ,” ಎಂದಳು ಸೊಸೆ. ಸಂಜೆ ನಾದಿನಿ ಬಂದವಳು ಚೀಲ ಕೆಳಗಿಡದೆ, “ಕಣ್ಣು ಹೋದ್ರೆ ನಿಮ್ಮಿಬ್ಬರನ್ನೂ ನಾನು ಬಿಡಲ್ಲ,” ಎಂದಳು. ಬಿಡದೆ ಏನು ಮಾಡುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ, ಹೇಳಿ ಅತ್ತಳು.

ಕಣ್ಣು ಹೋಗಲಿಲ್ಲ. ಉಳಿಯಿತೆಂದೂ ಹೇಳುವಂತಿರಲಿಲ್ಲ. ಊತ ಇಳಿಯಿತು, ಬೆಳಕು ಗೊತ್ತಾಗತೊಡಗಿತು, ಎದುರು ನಿಂತವರು ನೆರಳಿನಂತೆ ಕಂಡರು. ಹೊಸ ಹನಿಗಳನ್ನು ಕೊಟ್ಟು ಮನೆಗೆ ಕಳಿಸಿದರು.

ಈಗ ಮೆಟ್ಟಿಲು ಹತ್ತುವವಳು ಸೊಸೆಯೇ, ಯಾರೂ ಕರೆಯದೆ. ಹನಿ ಅವಳೇ ಹಾಕುತ್ತಿದ್ದಳು. ಗಂಜಿಯ ಬಟ್ಟಲು ಕೊಡುವಾಗ ಕೇಳುವಳು, ತಲೆ ಬಾಚುವಾಗ ಕೇಳುವಳು, ಕೌಂಟರಿನಲ್ಲಿ ಗಿರಾಕಿಯನ್ನು ನಿಲ್ಲಿಸಿ ಬಂದು ಕೇಳುವಳು.

“ಅತ್ತೆ, ನೋವಿದೆಯಾ?”

“ಇಲ್ಲ.”

“ಚುಚ್ಚುತ್ತಾ?”

“ಇಲ್ಲ.”

“ನಿನ್ನೆಗಿಂತ ಮಂಜಾ?”

“ಇಲ್ಲಮ್ಮ. ಎಲ್ಲ ಚೆನ್ನಾಗಿದೆ.”

ಆ ಇಲ್ಲ ಎಂಬ ಮಾತು ಅವಳನ್ನು ಹಿಂಡಿಹಾಕಿತು. ಮೊದಲು ಅತ್ತೆ ಹೌದೆಂದದ್ದನ್ನು ಅವಳು ನಂಬಿರಲಿಲ್ಲ, ಈಗ ಇಲ್ಲವೆಂದದ್ದನ್ನು ನಂಬಲು ಆಗುತ್ತಿರಲಿಲ್ಲ. ನಿಜವಾಗಿ ನೋವಿಲ್ಲವೋ, ಬಾಯಿಗೆ ಬೀಗ ಬಿದ್ದಿದೆಯೋ ತಿಳಿಯುವುದು ಹೇಗೆ? ಅತ್ತೆಯ ಹಣೆ ಗಂಟಿಕ್ಕಿದರೆ ಇವಳು ಹತ್ತಿರ ಹೋಗಿ ಕಣ್ಣು ನೋಡುತ್ತಿದ್ದಳು. ಮಲಗಿದರೆ ಭಯ, ಎದ್ದು ಕೂತರೆ ಭಯ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಏನೆಂದು ಆ ದಿನಗಳಲ್ಲಿ ಅವಳಿಗೆ ಗೊತ್ತಾಯಿತು.

ಮಗ ಒಂದು ದಿನ ಬೋರ್ಡು ಕಿತ್ತು ಮಂಚದ ಕೆಳಗೆ ತಳ್ಳಿದ. ಅತ್ತೆಗೆ ಯಾರೂ ಹೇಳಲಿಲ್ಲ. ಸಂಜೆ ಅವರೇ ಕೇಳಿದರು.

“ಹಾಡಹಗಲೇ ಗಿರಾಕಿ ಬಂದು ಕಾಲರ್ ಬಗ್ಗೆ ಜಗಳ ಆಡ್ತಿದ್ದ. ನೀನು ಕೇಳ್ತಾ ನಿಂತಿದ್ದೆ. ಬೋರ್ಡೆಲ್ಲೋ?”

“ತೆಗೆದೆ ಅಮ್ಮ.”

“ಹಾಕು. ಅಂಗಡಿ ನಡೀಬೇಕಾ ಬೇಡ್ವಾ? ನನಗಾದದ್ದಕ್ಕೂ ಅದಕ್ಕೂ ಏನು?”

ಮಗ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಬೋರ್ಡು ಮತ್ತೆ ಮೊಳೆಗೆ ಏರಿತು.

ಕೆಲವು ವಾರ ಕಳೆದ ಮೇಲೆ ದೊಡ್ಡ ತಪಾಸಣೆ. ಮಗ ಅಂಗಡಿ ಮುಚ್ಚಿ ಜೊತೆಗೆ ಬಂದ. ಕಾಯುವ ಬೆಂಚು ಪರೀಕ್ಷೆಯ ಕೋಣೆಯ ಬಾಗಿಲಿಗೆ ಅಂಟಿಕೊಂಡಂತಿತ್ತು. ಒಳಗೆ ಒಬ್ಬೊಬ್ಬರೂ ಹಲಗೆಯ ಅಕ್ಷರ ಓದುವುದು ಹೊರಗೆ ಕೇಳುತ್ತಿತ್ತು. ಗ. ಪ, ರ. ಲ, ಟ, ದ. ಮ, ಸ, ಬ, ಯ. ಮುದುಕರೊಬ್ಬರು ತಡವರಿಸಿದರು, ಹುಡುಗಿಯೊಬ್ಬಳು ಪಟಪಟನೆ ಓದಿದಳು. ಅತ್ತೆ ಕೈಕಟ್ಟಿ ಕೂತಿದ್ದರು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ದೇವರನ್ನು ನೆನೆಯುತ್ತಿರಬೇಕೆಂದುಕೊಂಡಳು ಸೊಸೆ.

ಅವರ ಸರದಿ ಬಂತು.

“ಮೇಲಿಂದ ಓದಿ ಅಜ್ಜಿ.”

“ಗ. ಪ, ರ. ಲ, ಟ, ದ. ಮ, ಸ, ಬ, ಯ.”

“ಅಮ್ಮ,” ಎಂದ ಮಗ. ಅವರ ಭುಜ ಹಿಡಿದುಕೊಂಡ. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಪರವಾಗಿಲ್ವೇ. ನಾನು ಇಷ್ಟು ಅಂದ್ಕೊಂಡಿರಲಿಲ್ಲ. ಹನಿ ಕಡಿಮೆ ಮಾಡೋಣ,” ಎಂದು ಪೆನ್ನು ತೆಗೆದರು.

ಸೊಸೆಗೂ ಕಣ್ಣು ತುಂಬಿತು. ಆದರೆ ಅತ್ತೆಯ ಮುಖ ಹಲಗೆಯ ಕಡೆಗಿರಲಿಲ್ಲ. ಒಂದು ಮೊಳ ಆಚೆ, ಖಾಲಿ ಗೋಡೆಯ ಕಡೆಗಿತ್ತು. ಬೆಂಚಿನ ಮೇಲೆ ಅಲುಗುತ್ತಿದ್ದ ತುಟಿ ನೆನಪಾಯಿತು. ನಂಬಿಬಿಡೋಣ ಎಂದಿತು ಅವಳ ಮನಸ್ಸು. ನಂಬಿದರೆ ಎಲ್ಲರೂ ಬಚಾವಾಗುತ್ತಿದ್ದರು, ಅವಳು ಎಲ್ಲರಿಗಿಂತ ಮೊದಲು.

“ಡಾಕ್ಟ್ರೇ, ಬೇರೆ ಹಲಗೆ ಇದ್ರೆ ತೋರಿಸ್ತೀರಾ?”

“ಯಾಕೆ?” ಎಂದ ಗಂಡ ಸಿಡುಕಿ. “ಓದಿದಾಳಲ್ಲ.”

“ಹೊರಗೆ ಕೂತು ಬಾಯಿಪಾಠ ಮಾಡ್ಕೊಂಡಿದಾರೆ.”

ಡಾಕ್ಟರು ಇಬ್ಬರನ್ನೂ ನೋಡಿ, ಎದ್ದು ಹಲಗೆ ತಿರುಗಿಸಿದರು. ಹಿಂಬದಿಯಲ್ಲಿ ಅಂಕಿಗಳಿದ್ದವು. “ಎಲ್ಲಕ್ಕಿಂತ ಮೇಲಿರೋದು?” ಎಂದರು.

ಅತ್ತೆಯ ಮಡಿಲಲ್ಲಿದ್ದ ಕೈಗಳು ಒಂದನ್ನೊಂದು ಹಿಡಿದುಕೊಂಡವು.

“ಏನೋ ಕಪ್ಪಗಿದೆ,” ಎಂದರು ಕೊನೆಗೆ.

“ಅಂಕಿ ಯಾವುದು?”

“ನಾಲ್ಕು ಇರಬಹುದು. ಏಳೂ ಇರಬಹುದು. ಅದರ ಕೆಳಗೆ ಏನೂ ಕಾಣಲ್ಲ.”

ಅದು ಏಳು. ಮಗ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ.

“ಈ ಹನಿ ಈಗ ಕಡಿಮೆ ಮಾಡಿದ್ರೆ ಇರೋದೂ ಹೋಗ್ತಿತ್ತು ಅಜ್ಜಿ,” ಎಂದರು ಡಾಕ್ಟರು. ಬಯ್ಯಲಿಲ್ಲ. “ಇನ್ನೂ ಬರೋದಿದೆ, ತಿಂಗಳುಗಟ್ಟಲೆ ಹಿಡಿಯುತ್ತೆ. ಎಷ್ಟು ಬರುತ್ತೋ ನೋಡೋಣ. ಆದ್ರೆ ನೀವು ಹೇಳದೆ ನನಗೆ ಗೊತ್ತಾಗಲ್ಲ. ಬೇರೆ ಏನೇನು ತೊಂದರೆ ಇದೆ, ಹೇಳಿ.”

ಅತ್ತೆ ಮೆಲ್ಲಗೆ ಮುಖ ತಿರುಗಿಸಿದರು, ಸೊಸೆಯ ದನಿ ಬಂದಿದ್ದ ಕಡೆಗೆ. ಕೆಂಪಾದ, ಏನನ್ನೂ ಸರಿಯಾಗಿ ಹಿಡಿಯಲಾರದ ಆ ಒಂದು ಕಣ್ಣು ಅವಳನ್ನು ಹುಡುಕಿತು. ಹೇಳಲೇ ಎಂದು ಕೇಳುತ್ತಿದ್ದರು. ಅಪ್ಪಣೆ ಬೇಡುತ್ತಿದ್ದರು. ಇಡೀ ಅಂಗಡಿಯನ್ನು ಬೆರಳ ತುದಿಯಲ್ಲಿ ನಡೆಸಿದ ಹೆಂಗಸು, ತನ್ನ ಕಣ್ಣಿನ ಮಾತು ಹೇಳುವುದಕ್ಕೆ.

ಸೊಸೆ ಹೋಗಿ ಕುರ್ಚಿಯ ಪಕ್ಕದಲ್ಲಿ ಮೊಣಕಾಲೂರಿ ಕೂತಳು.

“ಹೇಳಿ ಅತ್ತೆ.”

“ಈಗ್ಲಾ?”

“ಈಗ್ಲೇ. ಎಲ್ಲಾ ಹೇಳಿ.”

ಅತ್ತೆ ಶುರುಮಾಡಿದರು. ಬೆಳಗ್ಗೆ ರೆಪ್ಪೆ ಅಂಟಿಕೊಂಡು ಬಿಡಿಸಲಾಗುವುದಿಲ್ಲ. ಹುಬ್ಬಿನ ಒಳಗೆ ಯಾರೋ ಹೆಬ್ಬೆರಳು ಒತ್ತಿದಂತಿರುತ್ತದೆ. ಕಪ್ಪು ಎಳೆಗಳು ತೇಲುತ್ತವೆ, ಕೈಬೀಸಿ ಓಡಿಸಲು ಹೋಗಿ ಲೋಟ ಉರುಳಿಸಿದ್ದಾಯಿತು. ಹೊಸ ಹನಿ ಉರಿಯುತ್ತದೆ. ಅನ್ನದಲ್ಲಿ ಏನಿದೆಯೋ ಕಾಣದೆ ಅರ್ಧಕ್ಕೇ ಬಿಡುತ್ತೇನೆ. ಡಾಕ್ಟರು ಬರೆದುಕೊಳ್ಳುತ್ತ ಹೋದರು. ಹೊರಗೆ ಬೆಂಚಿನಲ್ಲಿ ಕೂತವರು ಗೊಣಗತೊಡಗಿದರು. ಯಾರೂ ಅತ್ತೆಯನ್ನು ತಡೆಯಲಿಲ್ಲ.

“ಅಷ್ಟೇನಾ ಅಜ್ಜಿ?”

“ಇನ್ನೊಂದಿದೆ. ಅದು ಕಣ್ಣಿನದ್ದಲ್ಲ.” ಅತ್ತೆಯ ಕೈ ತಡಕಾಡಿ ಸೊಸೆಯ ಮಣಿಕಟ್ಟನ್ನು ಹಿಡಿಯಿತು. “ಭಯ ಆಗುತ್ತೆ. ಬೆಳಗ್ಗೆ ಎದ್ದು ಕಣ್ಣು ಬಿಡೋಕೇ ಭಯ. ಬಿಟ್ಟಾಗ ಕತ್ತಲೇ ಇದ್ರೆ ಅಂತ. ಅದನ್ನ ಯಾರ ಹತ್ರ ಹೇಳ್ಬೇಕೋ ಗೊತ್ತಾಗ್ಲಿಲ್ಲ.”

“ನನ್ನ ಹತ್ರ ಹೇಳಿ ಅತ್ತೆ,” ಎಂದಳು ಸೊಸೆ. “ನಂಗೂ ಅದೇ ಭಯ.”